ಮುಂದೆ ಕೂರುವವಳು

ಆಸ್ಪತ್ರೆಯ ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ಹದ್ದಿನಕ್ಕ ಎಂದೇ ಕರೆಯುತ್ತಿದ್ದರು. ಒಗೆದು ಬಂದ ಹಾಸುಬಟ್ಟೆಗಳನ್ನು ದೀಪದ ಕೆಳಗೆ ಹರಡಿ, ಉಳಿದ ಕಲೆ ಹುಡುಕುವುದು ಅವಳ ಕೆಲಸ. ಸಾಸಿವೆಯಷ್ಟು ಕಲೆಯೂ ಅವಳ ಕಣ್ಣು ತಪ್ಪಿಸುತ್ತಿರಲಿಲ್ಲ. ಇಪ್ಪತ್ತಾರು ವರ್ಷ ಹೀಗೇ ನಡೆಯಿತು. ಆಮೇಲೊಂದು ದಿನ ವಾರ್ಡಿನಿಂದ ಒಂದು ಹಾಸು ವಾಪಸು ಬಂತು, ಮರುವಾರ ಮೂರು. ಮೇಲ್ವಿಚಾರಕಿ ಬೈಯಲಿಲ್ಲ. "ಸ್ವಲ್ಪ ದಿನ ಮಡಿಚೋ ಕಡೆ ಇರಿ ಅಕ್ಕ" ಎಂದಳು. ಬೈದಿದ್ದರೇ ಚೆನ್ನಾಗಿತ್ತು.

ಕಣ್ಣಿನ ಡಾಕ್ಟರು, ನೋಟದ ನಟ್ಟನಡುವೆ ಸವೆಯುತ್ತಿದೆ ಎಂದರು. ಅಂಚು ಉಳಿಯುತ್ತದೆ, ನಡುವೆ ಮಸಿ. "ಹೋಗಿದ್ದು ಬರೋದಿಲ್ಲಮ್ಮ."

"ಬೇಸಿಗೆವರೆಗಾದ್ರೂ ಇರುತ್ತಾ?" ಎಂದು ಕೇಳಿದಳು. ಬೇಸಿಗೆಯೇ ಯಾಕೆ ಎಂದು ಡಾಕ್ಟರಿಗೆ ತಿಳಿಯಲಿಲ್ಲ.

ಹತ್ತೊಂಬತ್ತು ಬೇಸಿಗೆಗಳಿಂದ, ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಾಗ, ಅವಳೂ ತಮ್ಮನೂ ಬೆಟ್ಟದ ಹೊಳೆಗೆ ದೋಣಿ ಇಳಿಸುತ್ತಿದ್ದರು. ತಮ್ಮ ಲಿಫ್ಟ್ ರಿಪೇರಿಯವನು. ತಾಯಿ ಹೋದಮೇಲೆ ಅವನನ್ನು ಸಾಕಿದವಳು ಇವಳೇ. ತನ್ನ ಮದುವೆಯ ಮಾತು ಆ ಗಡಿಬಿಡಿಯಲ್ಲೇ ಎಲ್ಲೋ ಕಳೆದುಹೋಯಿತು. ಇಬ್ಬರೇ ಕೂರುವ ಸಣ್ಣ ದೋಣಿ. ಮುಂದೆ ಅಕ್ಕ. ನೊರೆಯೊಳಗಿನ ಬಂಡೆ ಕಂಡ ಕೂಡಲೇ "ಎಡಕ್ಕೆ!", "ಬಲಕ್ಕೆ!" ಎಂದು ಕೂಗುವುದು ಅವಳ ಪಾಲು. ಹಿಂದೆ ಕೂತ ತಮ್ಮ ಹುಟ್ಟು ಹಾಕಿ ತಿರುಗಿಸುತ್ತಿದ್ದ. ಅವನಿಗೆ ಕಾಣುತ್ತಿದ್ದುದು ಅಕ್ಕನ ಬೆನ್ನು ಅಷ್ಟೇ.

ಮಾರ್ಚಿನ ಮೊದಲ ಭಾನುವಾರ ಅವನು ಎಂದಿನಂತೆ ನಕ್ಷೆ, ಪೆನ್ಸಿಲು ಹಿಡಿದು ಬಂದ. ಅಡುಗೆಮನೆಯ ಮೇಜಿನ ಮೇಲೆ ಹರಡಿದ.

"ಈ ಸಲ ಆರು ದಿನ ಅಕ್ಕ. ಕಣಿವೆ ದಾಟೇಬಿಡೋಣ. ನೀರು ಧುಮುಕೋ ಇಳಿತ ಏಳು, ಒಂದರ ಹಿಂದೆ ಒಂದು. ನಡುವೆ ದಡ ಹತ್ತೋಕೆ ಜಾಗಾನೇ ಇಲ್ಲ!"

ಆಗಲೇ ಹೇಳಬೇಕಿತ್ತು. ಆದರೆ "ಹೋಗೋಣ" ಎಂದಳು. "ನೀನು ಓದ್ತಾ ಇರು, ನಾನು ಟೀ ಇಡ್ತೀನಿ."

ಮೂರು ಭಾನುವಾರ ಅವನಿಂದಲೇ ಓದಿಸಿದಳು. ಒಂದೊಂದು ತಿರುವನ್ನೂ ಮಗ್ಗಿಯಂತೆ ಬಾಯಿಪಾಠ ಮಾಡಿದಳು. ಬಟ್ಟೆ ಮಡಿಚುವಾಗಲೂ ತುಟಿಯಲ್ಲಿ ಅದೇ. ಕಳೆದ ಪ್ರವಾಹದಲ್ಲಿ ಉರುಳಿಬಿದ್ದ ಮರ ಯಾವ ನಕ್ಷೆಯಲ್ಲೂ ಇರುವುದಿಲ್ಲ ಎಂಬುದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ.

ನಾಲ್ಕನೆಯ ಭಾನುವಾರ ಅವನು ಹೊಳೆಗಿಳಿಯುವ ಪರವಾನಗಿಯ ಅರ್ಜಿ ಮುಂದಿಟ್ಟ. ಅವಳ ಸಹಿ ಕಾಗದ ದಾಟಿ ಮೇಜಿನ ಮೇಲೆ ಬಿತ್ತು.

"ಎಲ್ಲಿ ಹಾಕ್ತಿದ್ದೀಯ ಸಹಿ?" ಎಂದು ನಗತೊಡಗಿದವನು ನಡುವೆಯೇ ನಗು ನಿಲ್ಲಿಸಿದ. ಸದ್ದಾಗದಂತೆ ನಕ್ಷೆಯನ್ನು ತಲೆಕೆಳಗು ತಿರುಗಿಸಿದ. "ಮೊದಲ ದಿನ ಎಲ್ಲಿ ಉಳ್ಕೊಳೋದು? ತೋರಿಸು."

ಅವಳ ಬೆರಳು ಹಿಂದಿನ ವಾರಗಳ ಜಾಗಕ್ಕೇ ಹೋಯಿತು.

"ಯಾವಾಗಿಂದ?"

"ಹೋದ ಬೇಸಿಗೆಯಿಂದ."

ಹೋದ ಬೇಸಿಗೆ ದೋಣಿ ಬಂಡೆಗೆ ಬಡಿದು ಮಗುಚಿ, ಅವನ ಎರಡು ಪಕ್ಕೆಲುಬು ಮುರಿದಿದ್ದವು. ತಾನೇ ತಡವಾಗಿ ತಿರುಗಿಸಿದೆ ಎಂದು ಅವನು ವರ್ಷವಿಡೀ ಹೇಳಿಕೊಂಡು ತಿರುಗಿದ್ದ.

"ಆ ಬಂಡೆ ನಿನಗೆ ಕಂಡಿತ್ತಾ?"

"ಇಲ್ಲ."

ಅವನು ಎದ್ದು ಲೋಟ ತೊಳೆದ. ಆ ಮನೆಯಲ್ಲಿ ಅವನು ಯಾವತ್ತೂ ಒಂದು ಲೋಟ ತೊಳೆದವನಲ್ಲ.

ಹೋಗುವ ಆಸೆಯನ್ನು ಅವಳು ಸುಲಭಕ್ಕೆ ಬಿಡಲಿಲ್ಲ. "ನೀನು ಮುಂದೆ ಕೂತ್ಕೋ, ನಾನು ಹಿಂದೆ ಕೂರ್ತೀನಿ" ಎಂದಳು. ಊರಾಚೆಯ ಕೆರೆಯಲ್ಲಿ ಪ್ರಯತ್ನಿಸಿದರು. ಬಂಡೆ ಕಾಣದಿದ್ದರೂ ಹಿಂದೆ ಕೂತವರಿಗೆ ದಿಕ್ಕಾದರೂ ಕಾಣಬೇಕಲ್ಲ. ಅಲುಗದ ನೀರಿನಲ್ಲೇ ದೋಣಿ ಹೋಗಿ ಕಟ್ಟೆಗೆ ಬಡಿಯಿತು.

"ಪರವಾಗಿಲ್ಲ ಅಕ್ಕ" ಎಂದ ತಮ್ಮ. ರೋಗಿಗಳ ಮಂಚದ ಪಕ್ಕ ನಿಂತು ಮಾತಾಡುವವರ ದನಿ ಅದು. ಅದನ್ನು ಕೇಳಿದ ಮೇಲೆ ಅವಳೇ ಹೇಳಿದಳು: "ಉದ್ದಣ್ಣನನ್ನ ಕರ್ಕೊಂಡು ಹೋಗು."

ಉದ್ದಣ್ಣ ಎಂದರೆ ತಮ್ಮನ ಜೊತೆ ಕೆಲಸ ಮಾಡುವವನು, ಬಾಗಿಲಲ್ಲಿ ತಲೆ ತಗ್ಗಿಸಿ ಬರುವಷ್ಟು ಎತ್ತರ. ತಮ್ಮ ಬೇಡ ಬೇಡ ಎಂದ. ಹೆಚ್ಚು ಸಲ ಅನ್ನಲಿಲ್ಲ. ಉದ್ದಣ್ಣ ಅವಳ ಅಡುಗೆಮನೆಯಲ್ಲಿ ಕೂತು, ಅವಳು ಹೇಳಿದ ತಿರುವುಗಳನ್ನೆಲ್ಲ ಬರೆದುಕೊಂಡ. ಹಗ್ಗ, ಡೇರೆಯ ಗೂಟಗಳನ್ನು ಅವಳೇ ತಡವಿ ಎಣಿಸಿ ಚೀಲಕ್ಕೆ ತುಂಬಿದಳು.

ಅವರು ಹೋದ ಆರು ದಿನವೂ ಅವಳು ಹಾಸು ಮಡಿಚಿದಳು. ಏಳನೆಯ ದಿನ ತಮ್ಮ ಬಂದ.

"ನೀರೇ ಇರಲಿಲ್ಲ ಅಕ್ಕ. ಅರ್ಧ ದಾರಿ ದೋಣಿ ಹೊತ್ಕೊಂಡೇ ನಡೆದ್ವಿ. ನೀನು ಬರದೇ ಇದ್ದಿದ್ದೇ ಒಳ್ಳೇದಾಯ್ತು."

ಅವಳು ನಂಬಿದಳು. ಅಯ್ಯೋ ಪಾಪ ಎಂದಳು. ಒಳಗೊಳಗೇ ಒಂಚೂರು ಹಗುರವೂ ಆಯಿತು. ಅದಕ್ಕೆ ನಾಚಿಕೊಂಡಳು ಕೂಡ.

ವಾರದ ನಂತರ ಉದ್ದಣ್ಣ ಆಸ್ಪತ್ರೆಯ ಲಿಫ್ಟ್ ರಿಪೇರಿಗೆ ಬಂದವನು ಲಾಂಡ್ರಿಗೆ ಇಣುಕಿದ.

"ಅಕ್ಕಾ, ಏನು ನೀರು ಅಂತೀರಿ! ಎರಡೂ ದಡ ತುಂಬಿ ಹರೀತಿತ್ತು. ನೀವು ಹೇಳಿದ ತಿರುವು ಒಂದೂ ತಪ್ಪಲಿಲ್ಲ. ಏಳನೇ ಇಳಿತ ದಾಟಿದಾಗ ನಿಮ್ಮ ತಮ್ಮ ಕೂಗಿದ್ದು ಬೆಟ್ಟಕ್ಕೆಲ್ಲ ಕೇಳಿರಬೇಕು. ಹೇಳಲಿಲ್ವಾ?"

"ಹೇಳಿದ" ಎಂದಳು ಅಕ್ಕ.

ಇನ್ನಷ್ಟು ಹೇಳು ಎನ್ನುವಷ್ಟರಲ್ಲಿ ಯಾರೋ ಲಿಫ್ಟಿನ ಬಳಿಯಿಂದ ಕೂಗಿದರು. ಅವನು ಓಡಿದ. ಮಡಿಚುತ್ತಿದ್ದ ಹಾಸನ್ನು ಅವಳು ಬಿಚ್ಚಿ, ಮತ್ತೆ ಮಡಿಚಿದಳು.

ಆ ಭಾನುವಾರ ತಮ್ಮ ಬಂದು, ಹಲ್ಲುನೋವಿನ ಕಥೆ ಹೇಳಿದ, ಸೆಕೆಯ ಬಗ್ಗೆ ಹೇಳಿದ. ಹೊಳೆಯ ಮಾತು ಕೇಳಿಬಿಡಲೇ ಎಂದುಕೊಂಡಳು. ಕೇಳಿದರೆ ಅವನು ಇನ್ನೊಂದು ಸುಳ್ಳು ಹುಡುಕಬೇಕು. ಹೂಂಗುಟ್ಟುತ್ತಾ ಕೂತಳು.

ಮರುವರ್ಷ ಮಾರ್ಚಿನಲ್ಲಿ ಅವನು ಭಾನುವಾರ ಬರುವುದು ತಪ್ಪತೊಡಗಿತು. ಕೆಲಸ ಜಾಸ್ತಿ ಎಂದು ಫೋನು ಮಾಡುತ್ತಿದ್ದ. ಉದ್ದಣ್ಣನ ಮನೆಯ ಮೇಜಿನ ಮೇಲೆ ನಕ್ಷೆ ಹರಡಿದೆ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.