ಹತ್ತಿಸಿಕೊಳ್ಳಬೇಡಿ ಎಂಬ ಬೋರ್ಡು

ಸ್ನೇಹಿತರೇ, ಹುಲೇಕಲ್ ರಸ್ತೆಯಲ್ಲಿ ನಡೆದು ತೂಕ ಇಳಿಸುವುದು ಮನುಷ್ಯಮಾತ್ರರಿಂದ ಅಸಾಧ್ಯವೆಂದು ಇಂದು ಬೆಳಿಗ್ಗೆ ಸಾಬೀತಾಯಿತು.

ಒಂದು ತಿಂಗಳು ತಪ್ಪದೆ ನಡೆದರೆ ಊಟಕ್ಕೆ ಮತ್ತೆ ತುಪ್ಪ ಬಡಿಸುತ್ತೇನೆಂದು ನನ್ನ ಚಿಕ್ಕಮ್ಮ, ಅಂದರೆ ಚಿಕ್ಕಿ, ಚಿಕ್ಕಪ್ಪನಿಗೆ ಮಾತು ಕೊಟ್ಟಿದ್ದಾಳೆ. ಆದರೆ ಕಂಡವರೆಲ್ಲ ಬೈಕ್ ನಿಲ್ಲಿಸಿ ಹತ್ತಿಸಿಕೊಳ್ಳುತ್ತಾರೆ, ಬೇಡವೆಂದರೆ ಸಿಟ್ಟಾಗುತ್ತಾರೆ. ಅದಕ್ಕೆ ನಾನೇ ರಟ್ಟಿನ ಮೇಲೆ ಬರೆದು ಅವನ ಬೆನ್ನಿಗೆ ಕಟ್ಟಿದೆ: ‘ತೂಕ ಇಳಿಸುತ್ತಿದ್ದೇನೆ. ದಯವಿಟ್ಟು ಹತ್ತಿಸಿಕೊಳ್ಳಬೇಡಿ.’ ಸಾಕ್ಷಿಯಾಗಿ ಹಿಂದೆ ನಾನೂ ನಡೆದೆ.

ಬೈಕಿನವರು ಓದಿ, ನಕ್ಕು, ಮುಂದೆ ಹೋದರು. ಶಿರಸಿಯಿಂದ ಬಂದ ಬಸ್ಸು ಮಾತ್ರ ನಿಂತಿತು. ಕಂಡಕ್ಟರ್ ಬಾಗಿಲಲ್ಲೇ ನಿಂತು ಬೋರ್ಡನ್ನು ಗಟ್ಟಿಯಾಗಿ ಓದಿದ.

“ಎಂತದಾ ಭಾವ ಇದು? ಹತ್ತಾ ಮಾರಾಯ!”

“ಬ್ಯಾಡ್ದಾ, ಆನು ನಡ್ಕಂಡೇ ಹೋಗ್ತೆ.”

“ಒಳಗೇ ಬಂದು ನಡಿ, ಬೇಕಾದಷ್ಟು ಜಾಗ ಇದ್ದು. ನೀ ಹತ್ತದೇ ಬಸ್ ಹೊರಡ್ತಿಲ್ಲೆ!”

ಬಸ್ಸಿನವರೆಲ್ಲ ಕಿಟಕಿಯಿಂದ ಇಣುಕತೊಡಗಿದ್ದರಿಂದ ಇಬ್ಬರೂ ಹತ್ತಿದೆವು. ಮೂರನೇ ಸೀಟಿನಲ್ಲಿ, ತವರಿನಿಂದ ವಾಪಸಾಗುತ್ತಿದ್ದ ಚಿಕ್ಕಿ.

“ದಿನಾ ಹಿಂಗೇಯನಾ ನಿಮ್ಮ ವಾಕಿಂಗು?”

ತೀರ್ಪು ಬಸ್ಸಿನಲ್ಲೇ ಹೊರಬಿತ್ತು. ತಿಂಗಳು ನಾಳೆಯಿಂದ ಹೊಸದಾಗಿ ಶುರು; ಅದು ಮುಗಿಯುವತನಕ ಸಾಕ್ಷಿಗೂ ತುಪ್ಪವಿಲ್ಲ. ಜೊತೆ ಸಿಕ್ಕಿತೆಂದು ಚಿಕ್ಕಪ್ಪ ಖುಷಿಯಲ್ಲಿದ್ದಾನೆ. ನಾನು ನನ್ನ ಬೆನ್ನಿಗೂ ಇನ್ನೊಂದು ರಟ್ಟು ಹುಡುಕುತ್ತಿದ್ದೇನೆ.