ಬಿಸಿಲಲ್ಲಿ ಹಚ್ಚಿದ ಪಾಲಿಶ್

ಹಿರಿಯೂರಿನ ಕಾರು ತೊಳೆಯುವ ಅಂಗಡಿಯಲ್ಲಿ ನನ್ನ ಕಪ್ಪು ಕಾರಿನ ಬಾನೆಟ್ ಮೇಲೆ ಮಾಲೀಕ ಹಚ್ಚಿದ ಪಾಲಿಶ್, ಸುಣ್ಣ ಬಳಿದಂತೆ ಬೆಳ್ಳಗೆ ಒಣಗಿ ಕೂತಿತ್ತು. ಎಷ್ಟು ಉಜ್ಜಿದರೂ ಹೋಗಲಿಲ್ಲ. "ನಿಮ್ ಕಾರಿನ ಬಣ್ಣಾನೇ ಸರಿ ಇಲ್ರಿ" ಎಂದ ಮಾಲೀಕ. ನನಗೆ ಮೈ ಉರಿಯಿತು.

ಅಲ್ಲೇ ಕಾರು ಒರೆಸುವ ಕೆಲಸದಾಕೆ ಮೆಲ್ಲಗೆ, "ಬಿಸ್ಲಾಗೆ ಹಚ್ಚಬ್ಯಾಡ್ರಿ ಅಂತ ಇವ್ರಿಗೆ ಬಡ್ಕಂಡೆ, ಕೇಳ್ಲಿಲ್ಲ. ನೆಳ್ಳಿಗೆ ನಿಲ್ಸ್ರಿ ಸಾರ್" ಎಂದರು. ಬಾನೆಟ್ ತಣ್ಣಗಾದ ಮೇಲೆ ಅದೇ ಪಾಲಿಶನ್ನು ಮತ್ತೆ ತೆಳ್ಳಗೆ ಸವರಿ, ಒಣಗಲು ಬಿಡದೆ ಮೆತ್ತನೆಯ ಬಟ್ಟೆಯಿಂದ ಒರೆಸಿದರು. ಕಲೆ ಹೋಯಿತು. "ನೋಡಿದ್ರಾ ನಮ್ ಕೆಲ್ಸಾನ?" ಎಂದು ಮಾಲೀಕ ಎದೆಯುಬ್ಬಿಸಿದ.

ನಾನೂ ಅವನಿಗೇ ಥ್ಯಾಂಕ್ಸ್ ಹೇಳಿ ಹೊರಟೆ. ಆಕೆಯ ಹೆಸರನ್ನೂ ಕೇಳಲಿಲ್ಲ. ಜವನಗೊಂಡನಹಳ್ಳಿ ದಾಟುವಷ್ಟರಲ್ಲಿ ಅವನ ಮೇಲಿದ್ದ ಸಿಟ್ಟೆಲ್ಲ ನನ್ನ ಮೇಲೇ ತಿರುಗಿತ್ತು.