ಪಡಸಾಲೆಗೆ ಬಂದ ಪ್ರಯೋಗಾಲಯ

೧೯೬೪ನೇ ಇಸವಿ. ಚೊಚ್ಚಲ ಹೆರಿಗೆಯಾಗಿ ನಾನು ದಾವಣಗೆರೆಯ ನಿಟ್ಟುವಳ್ಳಿಯ ತವರಿನಲ್ಲಿ ಬಾಣಂತನದಲ್ಲಿದ್ದೆ. ಮಗಳಿಗೆ ಇನ್ನೂ ಎರಡು ತಿಂಗಳು ತುಂಬಿರಲಿಲ್ಲ.

ಮದುವೆಗೆ ಮೊದಲೇ ನಾನು ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಸಂಶೋಧನೆಗೆ ಸೇರಿದ್ದೆ. ಪಾಲಿಮರ್, ಕೊಲಾಯ್ಡ್ ಎಂದರೆ ಮನೆಯಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ‘ಅಂಟಿನ ಓದು’ ಎನ್ನುತ್ತಿದ್ದರು. ಅದೇನೂ ಸುಳ್ಳಲ್ಲ. ಗಿರಣಿಗಳಲ್ಲಿ ನೂಲಿಗೆ ಹಾಕುವ ಗಂಜಿಗೆ ಹುಣಸೆ ಬೀಜದ ಹಿಟ್ಟನ್ನು ಬಳಸುತ್ತಾರೆ. ಆ ಬೀಜದ ಅಂಟು ನೀರಿನಲ್ಲಿ ಎಷ್ಟು ಮಂದವಾಗುತ್ತದೆ, ಯಾಕೆ ಹಾಗಾಗುತ್ತದೆ ಎಂಬುದೇ ನನ್ನ ವಿಷಯ. ನಮ್ಮ ಗುಂಪಿನಲ್ಲಿ ಪ್ರೊಫೆಸರರನ್ನು ಬಿಟ್ಟರೆ ನಾಲ್ಕೇ ಜನ. ಹೆಣ್ಣೆಂದರೆ ನಾನೊಬ್ಬಳೇ.

ಕೊನೆಯ ಕೆಲವು ಅಳತೆಗಳು ಉಳಿದಿದ್ದವು. ಪ್ರಬಂಧ ಒಪ್ಪಿಸಲು ನನಗಿದ್ದ ಅವಧಿಯೂ ಆ ತಿಂಗಳಿಗೆ ಮುಗಿಯುತ್ತಿತ್ತು. ಹರಿಹರದಿಂದ ಮಗುವನ್ನು ನೋಡಲು ಬಂದಿದ್ದ ಅತ್ತೆ, “ಓದಿದ್ದು ಸಾಕು ಬಿಡವ್ವ. ಇನ್ನ ಮನಿ ನೋಡ್ಕೋ” ಎಂದು ಹೇಳಿಹೋಗಿದ್ದರು. ನನ್ನ ಗಂಡ ತಾಯಿಗೆ ಎದುರಾಡಿದವರಲ್ಲ. ಇನ್ನು ಬರಲಾಗುವುದಿಲ್ಲವೆಂದು ಪ್ರೊಫೆಸರರಿಗೆ ಒಂದು ಕಾರ್ಡು ಬರೆದು ಹಾಕಿಸಿದೆ. ಅವತ್ತು ಮಗುವಿಗೆ ಹಾಲೂಡಿಸುತ್ತಲೇ ಬಹಳ ಕಣ್ಣೀರು ಹಾಕಿದೆ.

ಕಾರ್ಡಿಗೆ ಉತ್ತರ ಬರಲಿಲ್ಲ. ಒಂದು ಬೆಳಿಗ್ಗೆ ಮನೆ ಮುಂದೆ ಜಟಕಾ ನಿಂತಿತು. ಇಳಿದವರು ನಮ್ಮ ಪ್ರೊಫೆಸರು! ಹಿಂದೆಯೇ ನನ್ನ ಜೊತೆಗಾರ ವಾಸುದೇವ, ಕಂಬಳಿ ಸುತ್ತಿದ ಪೆಟ್ಟಿಗೆಯೊಂದನ್ನು ಎದೆಗವಚಿಕೊಂಡಿದ್ದ. ರೈಲಿನುದ್ದಕ್ಕೂ ಅದನ್ನು ತೊಡೆಯಿಂದ ಇಳಿಸಿರಲಿಲ್ಲವಂತೆ. ಒಳಗಿದ್ದದ್ದು ದ್ರಾವಣ ಎಷ್ಟು ಮಂದವೆಂದು ಅಳೆಯುವ ಸಣ್ಣ ಗಾಜಿನ ಕೊಳವೆ.

“ನೀವು ಬರೋಕಾಗಲ್ಲ ಅಂತ ಬರೆದಿದ್ರಿ. ಅದಕ್ಕೆ ನಾವೇ ಬಂದ್ವಿ” ಎಂದರು ಪ್ರೊಫೆಸರು. ಮಾತು ಕಡಿಮೆ, ಮುಖ ಗಂಟು. ವಿಭಾಗದಲ್ಲಿ ಎಲ್ಲರಿಗೂ ಅವರೆಂದರೆ ಭಯ.

“ಅಳತೆ ನೀವೇ ಮಾಡಬಹುದಿತ್ತಲ್ಲ ಸರ್?”

“ಪ್ರಬಂಧ ನಿಮ್ಮದು. ಅಳತೆಯೂ ನಿಮ್ಮ ಕೈಯದೇ ಆಗಬೇಕು.”

ಅವ್ವ ಬಾಗಿಲಿಗೆ ಅಡ್ಡ ನಿಂತಳು. “ಬಾಣಂತಿ ತಣ್ಣೀರು ಮುಟ್ಟಂಗಿಲ್ರಿ.”

“ತಣ್ಣೀರು ಬೇಡಮ್ಮ. ನಮಗೆ ಬೇಕಾಗಿರೋದೇ ಬೆಚ್ಚಗಿನ ನೀರು.”

ಅವ್ವ ನಕ್ಕುಬಿಟ್ಟಳು. “ಹಂಗಾದ್ರೆ ಹಂಡೆ ತುಂಬ ಐತೆ, ತಗೊಳ್ರಿ.”

ಪಡಸಾಲೆಯೇ ಪ್ರಯೋಗಾಲಯವಾಯಿತು. ಅವರು ತಂದಿದ್ದ ಗಾಜಿನ ತೊಟ್ಟಿಗೆ ನೀರು ತುಂಬಿ, ಕೊಳವೆಯನ್ನು ಅದರಲ್ಲಿ ನೇರವಾಗಿ ನಿಲ್ಲಿಸಿದೆವು. ನೀರಿನ ಬಿಸಿ ಒಂದೇ ಸಮ ಇರಬೇಕು. ವಾಸುದೇವ ಥರ್ಮಾಮೀಟರು ನೋಡುತ್ತ ಸ್ವಲ್ಪ ಸ್ವಲ್ಪವೇ ಬಿಸಿನೀರು ಬೆರೆಸುತ್ತಿದ್ದ. ನಾನು ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಕಟ್ಟಿಕೊಂಡು, ಸ್ಟಾಪ್‌ವಾಚ್ ಹಿಡಿದು ಕೂತೆ. ಅಂಟಿನ ನೀರು ಮೇಲಿನ ಗೆರೆಯಿಂದ ಕೆಳಗಿನ ಗೆರೆಗೆ ಇಳಿಯಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಕಣ್ಣು ಕೀಳದೆ ನೋಡಬೇಕು. ಬಾಟಲಿಗಳಲ್ಲಿ ತಂದ ದ್ರಾವಣ ಬಹಳ ಹೊತ್ತು ಇರುವಂಥದ್ದಲ್ಲ, ಕೆಟ್ಟುಹೋಗುತ್ತದೆ. ಅವತ್ತೇ ಮುಗಿಸಬೇಕಿತ್ತು.

ಮಧ್ಯಾಹ್ನದ ಹೊತ್ತಿಗೆ ಅರ್ಧ ಕೆಲಸ ಆಗಿತ್ತು. ಒಂದು ಅಳತೆ ಆಗತಾನೇ ಶುರುವಾಗಿದೆ, ಬಾಗಿಲಲ್ಲಿ ನೆರಳು ಬಿತ್ತು. ಓರೆಗಣ್ಣಿನಲ್ಲಿ ನೋಡಿದೆ. ಅತ್ತೆ! ಕೈಯಲ್ಲಿ ಅಂಟಿನುಂಡೆಯ ಡಬ್ಬಿ. ಹೇಳದೆ ಕೇಳದೆ ಹರಿಹರದ ಬಸ್ಸಿಗೆ ಬಂದಿದ್ದರು. ಪಡಸಾಲೆಯಲ್ಲಿ ಪರಗಂಡಸರು, ಅವರ ನಡುವೆ ಹಸಿ ಬಾಣಂತಿ ಸೊಸೆ.

ಅದೇ ಹೊತ್ತಿಗೆ ಒಳಗೆ ಮಗು ಕಿರುಚಿಕೊಂಡಿತು. ಅವ್ವ ಹಿತ್ತಿಲಲ್ಲಿದ್ದಳು. ಅಳು ಕಿವಿಗೆ ಬಿದ್ದದ್ದೇ ತಡ, ಹಾಲಿಳಿದು ನನ್ನ ಕುಪ್ಪಸ ಒದ್ದೆಯಾಯಿತು. ಏಳಲಾರೆ, ಕೂರಲಾರೆ. ಕಣ್ಣು ಮಂಜಾಗಿ ಗೆರೆಯೇ ಕಾಣದಂತಾಯಿತು. ಇಷ್ಟಕ್ಕೇ ಬಿಟ್ಟುಬಿಡೋಣ ಎಂದು ವಾಚನ್ನು ಕೆಳಗಿಡಲು ಹೋದೆ. ನನ್ನ ಅವಸ್ಥೆ ಕಂಡ ಪ್ರೊಫೆಸರು ಎದ್ದು ಒಳಗೆ ಹೊರಟರು. ಹೆಜ್ಜೆ ಎರಡಿಟ್ಟಿರಲಿಲ್ಲ, ಅತ್ತೆ ಅವರನ್ನು ದಾಟಿಕೊಂಡು ಹೋಗಿ ಮಗುವನ್ನು ಎತ್ತಿಕೊಂಡರು.

“ಗಿರಿಜಾ, ನೀ ಏಳಬ್ಯಾಡ. ಅದನ್ನ ಮುಗ್ಸು” ಎಂದರು.

ಮಗುವನ್ನು ಹೆಗಲಿಗೆ ಹಾಕಿಕೊಂಡು, ಬೆನ್ನು ತಟ್ಟುತ್ತ ಅಂಗಳದಲ್ಲಿ ಅಡ್ಡಾಡಿದರು. ಅಳು ನಿಧಾನವಾಗಿ ಕರಗಿತು. ದ್ರಾವಣ ಗೆರೆ ಮುಟ್ಟಿತು. ನಾನು ವಾಚು ಒತ್ತಿದೆ. ವಾಸುದೇವ ಉಸಿರು ಬಿಟ್ಟದ್ದು ಕೇಳಿಸಿತು.

ಮಗುವಿಗೆ ಹಾಲೂಡಿಸಲು ಒಳಗೆ ಹೋದಾಗ ಅತ್ತೆ ಹಿಂದೆಯೇ ಬಂದರು. ಬೈಗುಳಕ್ಕೆ ಸಿದ್ಧಳಾಗಿ ತಲೆ ತಗ್ಗಿಸಿ ಕೂತೆ.

“ಇನ್ನೂ ಐತೇನು?”

“ಐತ್ರೀ ಅತ್ತಿ. ಸಂಜಿ ಮಟ ಆಗ್ತೈತೆ.”

“ಆಗ್ಲಿ ಬಿಡು. ನಾ ಇಲ್ಲೇ ಇರ್ತೀನಿ.”

ಸಂಜೆಯವರೆಗೂ ಮಗು ಅವರ ಮಡಿಲಲ್ಲೇ ಇತ್ತು. ಅದು ಮಿಸುಕಿದರೆ ಸಾಕು, ಅಂಗಳಕ್ಕೆ ಎತ್ತಿಕೊಂಡು ಹೋಗುತ್ತಿದ್ದರು. ನಡುವೆ ಪ್ರೊಫೆಸರರ ಮುಂದೆ ಅಂಟಿನುಂಡೆ ಇಟ್ಟು “ತಿನ್ರಿ” ಎಂದರು. ಅವರು ಒಂದನ್ನು ಮುರಿದು ತಿರುಗಿಸಿ ತಿರುಗಿಸಿ ನೋಡಿ, “ಇದೂ ನಮ್ಮ ವಿಷಯವೇ ಅಮ್ಮ” ಎಂದು ನಕ್ಕರು. ಅವರು ನಕ್ಕದ್ದನ್ನು ನಾನು ಕಂಡದ್ದು ಅವತ್ತೇ ಮೊದಲು.

ಪ್ರೊಫೆಸರು ಹೊರಡುವಾಗ ಅತ್ತೆ ಬಾಗಿಲಿಗೆ ಬಂದು ಕೇಳಿದರು: “ಇಕಿ ಮತ್ತ ಯಾವಾಗ ಬರಬೇಕ್ರಿ ಅಲ್ಲಿಗೆ? ಕೂಸಿನ ಚಿಂತಿ ಬ್ಯಾಡ. ಅದು ನನ್ನ ಹತ್ರ ಇರ್ತೈತೆ.”

ಜಟಕಾ ಮರೆಯಾದ ಮೇಲೆ ನಾನು ಅವರ ಕಾಲಿಗೆ ಬಗ್ಗಿದೆ. ಅತ್ತೆ ಕಾಲು ಹಿಂದಕ್ಕೆ ಎಳೆದುಕೊಂಡರು. “ಅಯ್ಯ, ನಾ ಏನ್ ಮಾಡಿದೆ? ಕೂಸು ಅಳ್ತಿತ್ತು, ಎತ್ಕೊಂಡೆ.”

ಪದವಿ ಬಂತು, ಕೆಲಸ ಬಂತು. ಪ್ರೊಫೆಸರೂ ಅತ್ತೆಯೂ ಈಗಿಲ್ಲ. ಅತ್ತೆಯ ಮನಸ್ಸು ಆ ಗಳಿಗೆಯಲ್ಲಿ ಯಾಕೆ ತಿರುಗಿತೋ ನಾನು ಕೇಳಲಿಲ್ಲ, ಅವರು ಹೇಳಲೂ ಇಲ್ಲ. ಅಷ್ಟು ಜನ ಉಸಿರು ಬಿಗಿಹಿಡಿದು ನನ್ನೊಬ್ಬಳಿಗಾಗಿ ಕಾದ ಹೊತ್ತು ನನ್ನ ಬಾಳಿನಲ್ಲಿ ಇನ್ನೊಂದು ಬರಲಿಲ್ಲ.